ನಿಲ್ಲಿಸಬಾರದ ಎಂಜಿನ್

ಸ್ಪ್ಯಾನರ್ ನನ್ನ ಕಿವಿಯ ಪಕ್ಕದಲ್ಲೇ ಬೀಸಿಹೋಯಿತು. ಹಿಂದಿದ್ದ ತಗಡಿನ ಬೀರು ನಜ್ಜುಗುಜ್ಜಾಯಿತು.

ಅದು ನನ್ನ ತಲೆಯಾಗಬೇಕಿತ್ತು...

"ಪ್ಲೇನ್ ಮೇಲೆ ಹೋಗೋವರೆಗೂ ಇಲ್ಲೇ ಇರು," ಅಂದ ಗೂಳಿ. ವಿಮಾನ ಕಂಪನಿ ಸಾಹುಕಾರನ ಸೆಕ್ಯುರಿಟಿ. ಕುತ್ತಿಗೆ ಅನ್ನೋದೇ ಇಲ್ಲದ ಆಸಾಮಿ. "ಆಮೇಲೆ ಎಲ್ಲಿ ಬೇಕಾದ್ರೂ ಹೋಗಿ ಸಾಯಿ."

"ಪ್ಲೇನಲ್ಲಿ ಇರೋರು ಸಾಯ್ತಾರೆ ಕಣೋ."

"ಅದು ಸಾಹುಕಾರ್ರಿಗೆ ಬಿಟ್ಟಿದ್ದು."

ನನ್ನ ಕೈಯಲ್ಲಿ ಒಂದು ಒರೆಸೋ ಬಟ್ಟೆ ಇತ್ತು. ಅದರ ತುಂಬಾ ಕಪ್ಪು ಆಯಿಲ್. ಮೆಕ್ಯಾನಿಕ್‌ನ ಕೈಯಿಂದ ಆಗಷ್ಟೇ ಕಿತ್ತುಕೊಂಡಿದ್ದೆ.

ಹ್ಯಾಂಗರಿನ ಹೊರಗೆ ವಿಮಾನಕ್ಕೆ ಜನ ಹತ್ತುತ್ತಿದ್ದರು. ಅದರ ಕ್ಯಾಪ್ಟನ್ ನನ್ನ ಭಾವ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ ಅಕ್ಕನ ಗಂಡ.

ನೀವೂ ಆ ಕಂಪನಿಯ ವಿಮಾನ ಹತ್ತಿರಬಹುದು. ಹಳದಿ ಬಾಲ, ರೆಕ್ಕೆಗೊಂದರಂತೆ ಎರಡು ಫ್ಯಾನು, ಕುಡಿಯೋಕೆ ನೀರೂ ಇಲ್ಲ. ಬೆಲ್ಟು ಹಾಕಿ ಬಿಚ್ಚುವಷ್ಟರಲ್ಲಿ ಊರು ಬರುತ್ತಿತ್ತು. ಟಿಕೆಟ್ಟೋ, ಬಸ್ಸಿಗಿಂತ ಕೊಂಚ ಮೇಲೆ. ಸಾಹುಕಾರ ಮೊದಲು ಬಸ್ಸು ಓಡಿಸುತ್ತಿದ್ದವನೇ. ಒಂದು ವಿಮಾನದಿಂದ ಶುರು ಮಾಡಿದ. ಆಕಾಶವನ್ನು ಕತ್ತೆತ್ತಿ ಮಾತ್ರ ನೋಡಿದ್ದವರೆಲ್ಲ ಚೀಲ ಹಿಡಿದು ಕ್ಯೂ ನಿಂತರು. ನಿಜ ಹೇಳ್ತೀನಿ, ನನಗೂ ಆಗ ಅವನ ಮೇಲೆ ಗೌರವವಿತ್ತು.

ಆಮೇಲೆ ಹಾಸಿಗೆ ಮೀರಿ ಕಾಲು ಚಾಚಿದ. ಬಾಡಿಗೆಗೆ ಐದು ವಿಮಾನ. ಒಂದು ಕೆಟ್ಟರೆ ಇನ್ನೊಂದರಿಂದ ಸಾಮಾನು ಕಿತ್ತು ಹಾಕುತ್ತಿದ್ದ. ಹರಿದ ಅಂಗಿಗೆ ಇನ್ನೊಂದು ಹರಿದ ಅಂಗಿಯಿಂದ ತೇಪೆ!

ಬಾಡಿಗೆ ಕಟ್ಟದ ವಿಮಾನಗಳನ್ನು ಒಡೆಯರಿಗೆ ವಾಪಸ್ ತಂದುಕೊಡೋದು ನನ್ನ ಕಸುಬು. ನಾಲ್ಕನ್ನು ನಾನೇ ಎಳೆದು ತಂದಿದ್ದೆ. ಐದನೆಯದರ ಕೋರ್ಟ್ ಆರ್ಡರ್ ಮಾರನೆಯ ದಿನದಿಂದ ಜಾರಿ. ಆ ಮಧ್ಯಾಹ್ನ ಬರೀ ಫೋಟೋ ತೆಗೆಯೋಕೆ ಬಂದಿದ್ದೆ.

ಬಂದವನಿಗೆ ಕಂಡದ್ದು ಬಲಗಡೆ ಎಂಜಿನ್.

ಇಂಥ ವಿಮಾನಗಳಲ್ಲಿ ಒಂದು ಪದ್ಧತಿ ಇದೆ. ಜನ ಹತ್ತಿ ಇಳಿಯುವಾಗ ಎಡಗಡೆಯದನ್ನು ನಿಲ್ಲಿಸುತ್ತಾರೆ. ಲೈಟು, ಗಾಳಿಗೆ ಅಂತ ಬಲಗಡೆಯದು ಓಡುತ್ತಿರುತ್ತೆ. ಅದರ ಫ್ಯಾನಿಗೆ ಮಾತ್ರ ಬ್ರೇಕು. ತಪ್ಪೇನಿಲ್ಲ. ಆದರೆ ಸಾಹುಕಾರನ ವಿಮಾನದಲ್ಲಿ ಬಲಗಡೆಯದನ್ನು ಬೆಳಿಗ್ಗೆ ಶುರು ಮಾಡಿದರೆ ಸಂಜೆವರೆಗೂ ಯಾರೂ ಮುಟ್ಟುವ ಹಾಗಿಲ್ಲ. ಸ್ಟಾರ್ಟರ್ ಅರ್ಧ ಸತ್ತಿತ್ತು. ನಿಲ್ಲಿಸಿದರೆ ಮತ್ತೆ ಶುರುವಾಗೋ ಗ್ಯಾರಂಟಿ ಇಲ್ಲ. ಬಸ್ಸಿನ ಕಾಲದ ಅಭ್ಯಾಸ.

ಎಂಜಿನ್ ನಿಲ್ಲಿಸದೆ ಆಯಿಲ್ ನೋಡೋಕಾಗಲ್ಲ. ಹಾಗಾಗಿ ಯಾರೂ ನೋಡುತ್ತಿರಲಿಲ್ಲ. ಕೆಳಗೆ ಸೋರಿದ್ದನ್ನು, ಜನ ಬರುವ ಮುಂಚೆ, ಮೆಕ್ಯಾನಿಕ್ ಸುಮ್ಮನೆ ಒರೆಸಿಬಿಡುತ್ತಿದ್ದ.

ಗೂಳಿ ಮತ್ತೆ ಸ್ಪ್ಯಾನರ್ ಎತ್ತಿದ. ಪಕ್ಕದಲ್ಲಿ ಟೈರ್ ಹೇರಿದ ಟ್ರಾಲಿ ಇತ್ತು. ಅದನ್ನು ಕಾಲಿಂದ ಒದ್ದೆ. ಸೀದಾ ಅವನ ಮೊಣಕಾಲಿಗೆ!

ಓಡಿದೆ.

ಹಿಂದೆ ಗೂಳಿಯ ಬೈಗುಳ. ಮುಂದೆ ಕಾದ ಕಾಂಕ್ರೀಟು. ವಿಮಾನದ ಹಿಂಬಾಗಿಲಿನ ಮೆಟ್ಟಿಲನ್ನು ಇನ್ನೇನು ಎತ್ತುವವರಿದ್ದರು.

"ಸರ್, ಬೋರ್ಡಿಂಗ್ ಪಾಸ್?" ಅಂದಳು ಬಾಗಿಲಲ್ಲಿದ್ದ ಹುಡುಗಿ.

"ಕ್ಯಾಪ್ಟನ್ ಬಾಮೈದ," ಅಂದೆ. ನುಗ್ಗಿದೆ.

ಸೀಟುಗಳೆಲ್ಲ ಭರ್ತಿ. ಒಬ್ಬಳು ಮಗುವಿನ ಬಾಯಿಗೆ ಬಾಟ್ಲಿ ಇಡುತ್ತಿದ್ದಳು. ಮೊದಲ ಸಾಲಿನಲ್ಲಿ, ಇಸ್ತ್ರಿ ಅಂಗಿ ಹಾಕಿಕೊಂಡು, ಸಾಕ್ಷಾತ್ ಸಾಹುಕಾರ! ಅವನೂ ಹೊರಟಿದ್ದ. ನನಗೆ ಆಗ ನಿಜವಾಗಿ ಹೆದರಿಕೆಯಾಯಿತು. ಕಳ್ಳನ ಜೊತೆ ಮಾತಾಡಬಹುದು. ಏನೂ ಆಗಲ್ಲ ಅಂತ ತಾನೇ ನಂಬಿ ಹತ್ತಿದವನ ಜೊತೆ ಕಷ್ಟ.

ಕಾಕ್‌ಪಿಟ್ ಬಾಗಿಲು ಇನ್ನೂ ತೆರೆದಿತ್ತು.

"ಭಾವ, ಎಂಜಿನ್ ನಿಲ್ಲಿಸಿ."

"ನೀನ್ಯಾಕೋ ಇಲ್ಲಿ? ನಾಳೆ ತಾನೆ ನಿನ್ನ ಕೆಲಸ?"

ಬಟ್ಟೆಯನ್ನು ಅವರ ಮುಂದೆ ಹಿಡಿದೆ. "ಬಲಗಡೆಯದು ಸೋರ್ತಿದೆ. ಆಯಿಲ್ ಪ್ರೆಶರ್ ಎಷ್ಟಿದೆ ನೋಡಿ."

"ಕಮ್ಮಿ ತೋರಿಸ್ತಿದೆ. ಗೇಜ್ ಕೆಟ್ಟಿದೆ ಅಂತ ಮೆಕ್ಯಾನಿಕ್ ಹೇಳಿದಾನೆ."

"ಇದನ್ನ ಒರೆಸ್ತಿದ್ದೋನೂ ಅವನೇ, ಭಾವ."

ಭಾವ ಬಟ್ಟೆ ನೋಡಿದರು. ಗೇಜ್ ನೋಡಿದರು. ಪಕ್ಕದ ಸೀಟಿನ ಕೋ-ಪೈಲಟ್ ಕಿಟಕಿ ನೋಡತೊಡಗಿದ.

ಸಾಹುಕಾರ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದ. ಕೂಗಾಡಲಿಲ್ಲ. "ಕ್ಯಾಪ್ಟನ್, ಅಲ್ಲಿ ಕಂಪನಿ ಕೊಳ್ಳೋರು ಬಂದು ಕೂತಿದಾರೆ. ಪ್ಲೇನ್ ಹಾರಿ ಬರೋದನ್ನ ಕಣ್ಣಾರೆ ನೋಡ್ಬೇಕಂತೆ. ನೋಡಿದ್ರೆ ಸೈನ್. ಎಲ್ಲರ ಕೆಲಸ ಉಳಿಯುತ್ತೆ. ನಿಮ್ದೂ."

"ಇಲ್ಲಿ ನಿಲ್ಲಿಸಿ ಆಯಿಲ್ ನೋಡಿ, ಆಮೇಲೆ ಹಾರಿಸಿ," ಅಂದೆ.

"ನಿಲ್ಲಿಸಿದ್ರೆ ಶುರುವಾಗಲ್ಲ ಅಂತ ನಿಂಗೂ ಗೊತ್ತು," ಅಂದರು ಭಾವ. "ಯಾವ ಕಂಪನೀನೂ ನನ್ನ ತಗೊಳ್ದೇ ಇದ್ದಾಗ ಈ ಸೀಟು ಕೊಟ್ಟಿದ್ದು ಇವರು ಕಣೋ. ಇದೊಂದು ಟ್ರಿಪ್. ಹೀಗೆ ಹೋಗಿ ಹಾಗೆ ಇಳಿಸ್ತೀನಿ."

"ಅಕ್ಕನಿಗೆ ಏನಂತ ಹೇಳ್ಲಿ?"

"ಬಾಗಿಲು ಹಾಕ್ಕೊಂಡು ಇಳಿ."

ವಿಮಾನಗಳನ್ನು ಎಳೆದು ತರೋ ಕಸುಬಿನವನು ನಾನು. ಯಾವ ಲಿವರ್ ಎಲ್ಲಿದೆ ಅಂತ ಗೊತ್ತು.

ಅವರ ಭುಜದ ಮೇಲಿಂದ ಕೈ ಚಾಚಿದೆ. ಎಳೆದೆ!

ಬಲಗಡೆ ಎಂಜಿನ್ ಒಂದು ಸಲ ನರಳಿ ನಿಂತಿತು. ಗಾಳಿ ನಿಂತಿತು. ಭಾವನ ಮುಷ್ಟಿ ನನ್ನ ದವಡೆಗೆ ಬಿತ್ತು. ಒಂದು ಹಲ್ಲು ಹೋಯಿತು. ಅವರಿಗೆ ಅಷ್ಟು ಹಕ್ಕಿದೆ ಅಂತ ರಕ್ತ ಒರೆಸಿಕೊಂಡೆ.

ಸ್ಟಾರ್ಟರ್ ಒತ್ತಿದರು. ಮತ್ತೆ ಒತ್ತಿದರು.

ಏನೂ ಆಗಲಿಲ್ಲ.

ಕೊನೆಗೆ ಭಾವ ತಾವೇ ಕೆಳಗಿಳಿದು ಏಣಿ ಹಾಕಿಸಿ ಎಂಜಿನ್ನಿನ ಮುಚ್ಚಳ ತೆಗೆದರು. ಆಯಿಲ್ ಅಳೆಯೋ ಕಡ್ಡಿ ಎಳೆದು ನೋಡಿದರು. ಒಣಗಿದ ಕಡ್ಡಿ. ಒರೆಸಿ, ಮತ್ತೆ ಅದ್ದಿ ನೋಡಿದರು. ಮತ್ತೂ ಒಣಗಿದ್ದೇ. ಏಣಿಯ ಬುಡದಲ್ಲಿ ಕೂತುಬಿಟ್ಟರು. ಬಾಟ್ಲಿ ಹಿಡಿದ ಹೆಂಗಸು ಮಗುವನ್ನು ಎತ್ತಿಕೊಂಡು, ಕನೆಕ್ಷನ್ ತಪ್ಪಿತು ಅಂತ ಶಪಿಸುತ್ತಾ ಅವರ ಮುಂದೆಯೇ ಹಾದುಹೋದಳು.

ಕೊಳ್ಳೋಕೆ ಬಂದವರು ಸಂಜೆಗೆ ಎದ್ದು ಹೋದರು. ಆ ವಾರವೇ ಕಂಪನಿ ಬಾಗಿಲು ಹಾಕಿತು. ಬಾಗಿಲಲ್ಲಿದ್ದ ಹುಡುಗಿ ಬೀದಿಗೆ ಬಂದಳು. ಮೆಕ್ಯಾನಿಕ್ ಬೀದಿಗೆ ಬಂದ. ಗೂಳಿ ಮಾತ್ರ ಬೇರೆ ಕಡೆ ಸೇರಿಕೊಂಡನಂತೆ. ಅಂಥವರಿಗೆ ಯಾವಾಗಲೂ ಕೆಲಸವಿರುತ್ತೆ. ಬಾಮೈದ ಎಂಜಿನ್ ನಿಲ್ಲಿಸಿದ ಕ್ಯಾಪ್ಟನ್ ಅಂತ ಊರೂರಿನ ಪೈಲಟ್‌ಗಳೆಲ್ಲ ನಕ್ಕರು. ಭಾವನಿಗೆ ಮತ್ತೆ ಸೀಟು ಸಿಗಲಿಲ್ಲ.

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಬಾಗಿಲು ತೆಗೆದದ್ದು ಭಾವನೇ. ಗಡ್ಡ ಬಿಟ್ಟಿದ್ದರು. ಒಳಗಿಂದ ಅಕ್ಕ "ಯಾರು?" ಅಂದಳು.

"ಯಾರೂ ಇಲ್ಲ," ಅಂದರು.

ನನ್ನ ಮುಖದ ಮೇಲೆ ಬಾಗಿಲು ಧಡಾರ್ ಅಂತ ಬಿತ್ತು. ಚೌಕಟ್ಟಿನ ಗಾರೆ ಉದುರಿತು.

ಸತ್ತವರಿಗೆ ಅಷ್ಟು ಶಕ್ತಿ ಇರುವುದಿಲ್ಲ, ಸ್ವಾಮಿ.