ಡೀಕನ್ ಬೆನ್ನಿನ ಎರಡು ಒಣ ಕಲೆಗಳು

ಡೀಕನ್ ಒಂಟಿಯಾಗಿ ಮನೆಗೆ ಬಂದಿತ್ತು. ಬೆನ್ನ ಮೇಲೆ ಜೀನಿತ್ತು. ಜೀನಿನ ಮೇಲೆ ಯಾರೂ ಇರಲಿಲ್ಲ.

ಬೆಳಿಗ್ಗೆ ಆ ಕುದುರೆ ಹತ್ತಿ ಹೊರಟವರು ಎಚೆವೆರಿ ರ‍್ಯಾಂಚಿನ ಯಜಮಾನಿ ಗ್ರೇಷಿಯಾನಾ. ಎಪ್ಪತ್ತು ದಾಟಿದರೂ ದನಗಳನ್ನು ತಾವೇ ನೋಡಿ ಬರಬೇಕೆಂಬ ಹಟ. ಅವರು ಸಿಕ್ಕಿದ್ದು ಒಣಗಿದ ಹೊಳೆಯ ತಳದಲ್ಲಿ. ಸೊಂಟ ಮುರಿದಿತ್ತು. ತಲೆಗೆ ಪೆಟ್ಟು ಬಿದ್ದಿತ್ತು. ಮೊದಲು ನೋಡಿದವನು ರ‍್ಯಾಂಚಿನ ಮೇಸ್ತ್ರಿ ಆರ್ವಿಲ್ ಪೀಕ್. ತನ್ನ ಕೋಟು ಬಿಚ್ಚಿ ಅವರ ತಲೆಯಡಿಗೆ ಇಟ್ಟಿದ್ದ. ಹೆಲಿಕಾಪ್ಟರ್ ಬರುವವರೆಗೂ ಬಿಸಿಲಿಗೆ ತನ್ನ ಟೋಪಿಯನ್ನೇ ಅಡ್ಡ ಹಿಡಿದು ಕೂತಿದ್ದ.

"ಕುದುರೆಗೆ ಹುಚ್ಚು ಹಿಡಿದಿದೆ" ಎಂದು ಎಲ್ಲರೂ ಹೇಳಿದರು. ಮಾರನೆಯ ದಿನ ಸಂಜೆ ಪಶುವೈದ್ಯರು ಅದನ್ನು ಸಾಯಿಸುವ ಸೂಜಿ ಹಿಡಿದು ಬರುವುದೆಂದು ನಿಶ್ಚಯವಾಯಿತು.

ಆ ಮಾರನೆಯ ಬೆಳಿಗ್ಗೆ ಪೊಲೀಸ್ ಡೆಪ್ಯೂಟಿ ಮೈಟೆ ಉರಿಬೆಗೆ ಎಲ್ಕೋ ಆಸ್ಪತ್ರೆಯಿಂದ ಫೋನು ಬಂತು. ನರ್ಸ್ ಮಾತಾಡಿದಳು.

"ಆಪರೇಷನ್‌ಗೆ ಒಯ್ಯೋ ಮುಂಚೆ ಒಂದೇ ಮಾತು ಹೇಳಿದ್ರು. ನಿಮಗೆ ತಿಳಿಸು ಅಂದ್ರು."

"ಏನಂದ್ರು?"

"ಡೀಕನ್ ತಪ್ಪಲ್ಲ, ಇಳಿಜಾರಲ್ಲಿ ಅವನಿಗೆ ನೋವಾಯ್ತು, ಅಂತ. ಡೀಕನ್ ಅಂದ್ರೆ ಯಾರು, ಅವರ ಗಂಡನಾ?"

"ಗಂಡ ಇಷ್ಟು ಸಾಧು ಆಗಿರ್ಲಿಲ್ಲ" ಎಂದಳು ಮೈಟೆ. ಟೋಪಿ ಹಾಕಿಕೊಂಡಳು.

\* \* \*

ಆರ್ವಿಲ್ ಅವಳನ್ನು ಕೊಟ್ಟಿಗೆಯ ಕಂಬಿಬೇಲಿಯವರೆಗೆ ಕರೆದೊಯ್ದ. ಒಳಗೆ ಹೆಜ್ಜೆ ಇಡಲಿಲ್ಲ.

"ನಿನ್ನೆ ಜೀನು ಇಳಿಸಿ ಒಳಗೆ ಬಿಟ್ಟೆ ಅಷ್ಟೇ. ಆಮೇಲೆ ಯಾರೂ ಹತ್ತಿರ ಹೋಗಿಲ್ಲಮ್ಮ. ನಾನೂ ಹೋಗಿಲ್ಲ."

"ನಿಮಗೂ ಭಯಾನಾ?"

"ಯಜಮಾನಮ್ಮನ್ನೇ ಎತ್ತಿ ಎಸೆದಿದಾನೆ. ನಾನು ಯಾವ ಲೆಕ್ಕ?"

ಅವನು ದನಗಳಿಗೆ ಹುಲ್ಲು ಹಾಕಲು ಹೋದ. ಮೈಟೆ ಬೇಲಿ ದಾಟಿ ಒಳಗಿಳಿದಳು.

ಡೀಕನ್ ದೊಡ್ಡ ಮೈಯ, ಮರಳು ಬಣ್ಣದ ಕುದುರೆ. ಬೆನ್ನು ಊಟದ ಮೇಜಿನಷ್ಟು ಅಗಲ. ಅದು ಮೂಗು ಚಾಚಿ ಅವಳ ಜೇಬು ಮೂಸಿತು. ಹುಚ್ಚು ಹಿಡಿದ ಕುದುರೆ ಸಕ್ಕರೆ ಹುಡುಕುವುದಿಲ್ಲ.

ಬೆವರು ಒಣಗಿ ಬೆನ್ನಿನ ಮೇಲೆ ಉಪ್ಪು ಬಿಳಿಯಾಗಿ ಕಟ್ಟಿತ್ತು. ಜೀನು ಕೂತ ಜಾಗವೆಲ್ಲ ಬಿಳಿ. ಎರಡು ಕಡೆ ಮಾತ್ರ ಇಲ್ಲ. ಹೆಗಲಿನ ಹಿಂದೆ, ಎಡಕ್ಕೊಂದು ಬಲಕ್ಕೊಂದು, ಅಂಗೈಯಗಲದ ಎರಡು ಕಲೆ. ಅಲ್ಲಿ ಬೆವರೇ ಬಂದಿರಲಿಲ್ಲ.

ಮೈಟೆ ನಿಂತಲ್ಲೇ ನಿಂತಳು. ಜೀನು ಬಿಗಿಯಾಗಿ ಒತ್ತಿದ ಕಡೆ ಚರ್ಮ ಬೆವರುವುದಿಲ್ಲ. ಇದು ಈ ಕಡೆಯ ಮಕ್ಕಳಿಗೂ ಗೊತ್ತು. ಅಪ್ಪಂದಿರು ಮೊದಲ ಜೀನು ಕೊಡಿಸುವಾಗ ಹೇಳಿಕೊಡುವ ಪಾಠವೇ ಇದು: ಸವಾರಿ ಮುಗಿಸಿ ಬಂದು ಬೆವರು ನೋಡು.

ಬೆರಳಿಟ್ಟಳು. ಡೀಕನ್ ನಡುಗಿತು. ಎರಡೂ ಕಡೆ ಬಾತುಕೊಂಡಿತ್ತು. ಬೆರಳಿಗೆ ಜಿಡ್ಡು ಅಂಟಿತು. ಮೂಸಿದಳು. ಕುರಿಕೊಬ್ಬು, ಟರ್ಪೆಂಟೈನ್. ರ‍್ಯಾಂಚಿನ ಮುಲಾಮು.

ಯಾರೂ ಹತ್ತಿರ ಹೋಗಿಲ್ಲವಂತೆ!

ಗ್ರೇಷಿಯಾನಾರ ಜೀನು ಕೊಟ್ಟಿಗೆಯಲ್ಲಿ, ಜೀನು ಇಡಲೆಂದೇ ಮಾಡಿದ ಮರದ ಕುದುರೆಯ ಮೇಲಿತ್ತು. ಹೊಸದು. ಅದನ್ನು ಕಂಬಳಿ ಹಾಕದೆ ಬರಿ ಬೆನ್ನಿನ ಮೇಲೆ ಮೆಲ್ಲಗೆ ಇಟ್ಟಳು. ಅಡಿಗೆ ಅಂಗೈ ತೂರಿಸಿದಳು. ಹೆಗಲಿಂದ ಸೊಂಟದವರೆಗೆ ಕೈ ಸರಾಗವಾಗಿ ಹರಿಯಿತು. ಎಲ್ಲೂ ಒತ್ತಲಿಲ್ಲ, ಎಲ್ಲೂ ಪೊಳ್ಳು ನಿಲ್ಲಲಿಲ್ಲ. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ.

ಹಾಗಾದರೆ ಒತ್ತಿದ್ದು ಯಾವುದು?

ಜೀನು ಇಳಿಸಿದಳು. ತನ್ನ ಜೀಪಿನ ಕಂಬಳಿ ತಂದು ಡೀಕನ್‌ಗೆ ಹೊದಿಸಿದಳು. ಕಲೆ ಎರಡೂ ಮುಚ್ಚಿದವು. ಯಾರಿಗೂ ಏನೂ ಹೇಳಲಿಲ್ಲ.

\* \* \*

ಅಡುಗೆಮನೆಯಲ್ಲಿ ಗ್ರೇಷಿಯಾನಾರ ಅಣ್ಣನ ಮಗ ಪೇಯೋ ಕೂತಿದ್ದ. ರೀನೋ ಪೇಟೆಯಿಂದ ಬಂದು ಇನ್ನೂ ಒಂದು ಚಳಿಗಾಲ ಕಂಡಿರಲಿಲ್ಲ. ಮುಂದಿದ್ದ ಬೆಳ್ಳುಳ್ಳಿ ಸೂಪು ತಣ್ಣಗಾಗಿತ್ತು. ಕೈಯಲ್ಲಿ ಅತ್ತೆಯ ಕನ್ನಡಕ. ಒಂದು ಗಾಜು ಒಡೆದಿತ್ತು. ಉಳಿದ ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದ.

"ನಿನ್ನೆ ಜೀನು ಹಾಕಿದ್ದು ಯಾರು?"

ಒರೆಸುವ ಕೈ ನಿಂತಿತು. "ನಾನು."

"ದಿನಾ ಆರ್ವಿಲ್ ಅಲ್ವಾ ಹಾಕೋದು?"

"ಅವರು ಬೆಳಿಗ್ಗೇನೇ ಕೆಳಗಿನ ಗೇಟಿನ ಬೇಲಿ ರಿಪೇರಿಗೆ ಹೋಗಿದ್ರು. ಅತ್ತೆಯ ಜೀನು ಎಲ್ಲಿರುತ್ತೋ ಅಲ್ಲಿಂದ್ಲೇ ತಗೊಂಡೆ. ಸರಿಯಾಗೇ ಕಟ್ಟಿದ್ದೆ. ಅತ್ತೆ ಹತ್ತಿ ಕೂತು, ಪರವಾಗಿಲ್ವೇ ಪಟ್ಟಣದ ಹುಡುಗ, ಅಂದ್ರು."

"ಅತ್ತೆ ಜೊತೆ ಜಗಳ ಆಗಿತ್ತಂತೆ?"

"ಯಾರಂದಿದ್ದು?"

"ಊರಲ್ಲಿ ಗೋಡೆಗಳೂ ಕಮ್ಮಿ, ಗುಟ್ಟುಗಳೂ ಕಮ್ಮಿ."

ಪೇಯೋ ತಲೆ ಬಗ್ಗಿಸಿದ. "ಕುದುರೆಗಳ ವಿಷಯಕ್ಕೆ. ಈ ವಯಸ್ಸಲ್ಲಿ ಅಷ್ಟು ಕುದುರೆ ಯಾಕೆ, ಮಾರಿಬಿಡಿ ಅಂದಿದ್ದೆ. ಕೂಗಾಡಿದ್ರು. ಆಮೇಲೆ ಒಪ್ಕೊಂಡ್ರು. ಶನಿವಾರ ವ್ಯಾಪಾರಿ ಬಂದು ಹಿಂಡು ಪೂರ್ತಿ ತಗೊಂಡು ಹೋಗೋನಿದ್ದ."

"ಎಲ್ಲಿಗೆ?"

ಅವನು ಮತ್ತೆ ಕನ್ನಡಕ ಒರೆಸತೊಡಗಿದ. ಮುದಿ ಕುದುರೆಗಳನ್ನು ಹಿಂಡುಗಟ್ಟಲೆ ಕೊಂಡ ಲಾರಿ ಗಡಿ ದಾಟಿ ಯಾವ ಕಸಾಯಿಖಾನೆಯ ಮುಂದೆ ನಿಲ್ಲುತ್ತದೆಂದು ಈ ಕಣಿವೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

"ಡೀಕನ್‌ನ ಇವತ್ತೇ ಮುಗಿಸ್ಬೇಕು ಅಂತ ಯಾಕೆ ಅವಸರ?"

"ಅವನನ್ನ ನೋಡೋಕೆ ಆಗ್ತಿಲ್ಲ ನಂಗೆ!" ಪೇಯೋ ಎದ್ದು ನಿಂತ. "ಜೀನು ಕಟ್ಟಿದ್ದು ನಾನು. ಇವನು ಬದುಕಿದ್ರೆ ದಿನಾ ಅದೇ ನೆನಪಾಗುತ್ತೆ."

ದುಃಖವೋ, ಸಾಕ್ಷಿ ಅಳಿಸುವ ಆತುರವೋ? ಮೈಟೆಗೆ ತಿಳಿಯಲಿಲ್ಲ. ಸೂಪನ್ನು ಒಲೆಯ ಮೇಲಿಟ್ಟು ಬಿಸಿ ಮಾಡಿ ಅವನ ಮುಂದೆ ಇಟ್ಟು ಹೊರಟಳು. ಅನುಮಾನ ಇದ್ದವನಿಗೂ ಹೊಟ್ಟೆ ಇರುತ್ತದೆ.

\* \* \*

ಊರ ಅಂಗಡಿಯಲ್ಲಿ ಜೀನು ಮಾಡುವ ಲೈಮನ್ ಹಾಬ್ಸ್ ಅವಳನ್ನು ಕಂಡದ್ದೇ ಏನೋ ಮುಚ್ಚಿಡುವವನ ಹಾಗೆ ಹಿಂಬಾಗಿಲು ಎಳೆದ.

"ಬಾ ಮೈಟೆ. ಜೀನು ಬೇಕಾ? ಸರ್ಕಾರ ಕೊಟ್ಟ ಆ ಪ್ಯಾಂಟಿಗಿಂತ ನನ್ನ ಜೀನು ನಿಂಗೆ ಚೆನ್ನಾಗಿ ಕೂರುತ್ತೆ."

"ಗ್ರೇಷಿಯಾನಾಗೆ ಕೊಟ್ಟ ಜೀನಿನ ಕಥೆ ಹೇಳು."

ಅವನ ನಗು ಅಡಗಿತು. "ನನ್ನ ಜೀನಲ್ಲಿ ತಪ್ಪಿಲ್ಲ. ಹೆಸರು ಕೆಡಿಸ್ಬೇಡ."

"ಕಥೆ ಹೇಳು ಅಂದೆ."

"ಸೊಂಟ ನೋವು, ಹಳೇ ಜೀನು ಆಗಲ್ಲ ಅಂದ್ರು. ಎರಡು ಜೀನು ತಗೊಂಡು ಹೋದೆ. ನೋಡೋಕೆ ಅವಳಿ ಜವಳಿ. ಅದೇ ಚರ್ಮ, ಅದೇ ಹೂವಿನ ಕೆತ್ತನೆ, ಅದೇ ಸೀಟು. ಒಳಗಿನ ಮರದ ಚೌಕಟ್ಟು ಮಾತ್ರ ಬೇರೆ. ಒಂದು ಅಗಲದ ಬೆನ್ನಿಗೆ, ಒಂದು ಸಣ್ಣ ಬೆನ್ನಿಗೆ. ಎರಡರಲ್ಲೂ ಕೂತು ನೋಡಿದ್ರು. ಎರಡೂ ಮೆತ್ತಗಿದೆ ಅಂದ್ರು. ನಾನಂದೆ, ಅಜ್ಜಿ, ಕೂತವರಿಗೆ ಸರಿಹೋದ್ರೆ ಅರ್ಧ ಜೀನು, ಹೊತ್ತವನಿಗೂ ಸರಿಹೋದ್ರೆ ಪೂರ್ತಿ ಜೀನು. ಡೀಕನ್ ಮೇಲೆ ಇಟ್ಟು ನೋಡಿ ಅಗಲದ್ದನ್ನೇ ಕೊಟ್ಟೆ."

"ಅವತ್ತು ಅಲ್ಲಿ ಯಾರಿದ್ರು?"

"ಅಜ್ಜಿ, ಆರ್ವಿಲ್. ಆ ಹುಡುಗ ಜಗಲಿ ಮೇಲೆ ಫೋನಲ್ಲಿದ್ದ."

"ಸಣ್ಣದು?"

ಲೈಮನ್ ಹಿಂಬಾಗಿಲ ಕಡೆ ನೋಡಿದ. ನೋಡಿದ್ದೇ ಅವನ ತಪ್ಪು. ಮೈಟೆ ಹೋಗಿ ಬಾಗಿಲು ತೆಗೆದಳು. ಹಿಂದೆ ನಿಂತಿದ್ದ ಅವನ ವ್ಯಾನಿನಲ್ಲಿ ಆ ಜೀನು ಇತ್ತು.

"ಅವರ ಕೊಟ್ಟಿಗೆಯಲ್ಲೇ ಬಿಟ್ಟಿದ್ದೆ. ನಿನ್ನೆ ಮಧ್ಯಾಹ್ನ ಆ ಗಲಾಟೆಯಲ್ಲಿ ಹೋಗಿ ಎತ್ಕೊಂಡು ಬಂದೆ. ಯಾರನ್ನೂ ಕೇಳಲಿಲ್ಲ. ಕಳ್ಳ ಅನ್ಬೇಡ, ನಂದೇ ಅದು."

ಮೈಟೆ ಜೀನನ್ನು ಮಗುಚಿದಳು. ಅಡಿಗೆ ಹೊಲಿದ ಕುರಿಯ ತುಪ್ಪಳ ಇನ್ನೂ ತೇವವಾಗಿತ್ತು. ಅದರೊಳಗೆ ಮರಳು ಬಣ್ಣದ ಕೂದಲು.

"ಇದು ಅವತ್ತು ಅಳತೆ ನೋಡೋಕೆ ಇಟ್ಟಾಗ ಅಂಟಿದ್ದಾ?"

ಲೈಮನ್ ಬಗ್ಗಿ ನೋಡಿದ. "ಇಲ್ಲ. ಅವತ್ತೇ ಅಲ್ಲೇ ಬ್ರಷ್ ಹಾಕಿದ್ದೆ. ಒಂದು ಕುದುರೆ ಕೂದಲು ಇನ್ನೊಂದರ ಬೆನ್ನಿಗೆ ಹೋಗಬಾರದು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದು." ತುಪ್ಪಳ ಮುಟ್ಟಿದ. "ಇದರ ಮೇಲೆ ಯಾರೋ ಸವಾರಿ ಮಾಡಿದಾರೆ. ಅಯ್ಯೋ, ಮೈಟೆ. ಆ ಕುದುರೆ ಇಳಿಜಾರು ಇಳಿದಿದ್ರೆ…"

"ಇಳಿದಿದೆ" ಎಂದಳು ಮೈಟೆ. "ವ್ಯಾನು ಹತ್ತು. ಬಾಯಿ ಮುಚ್ಕೊಂಡು ಬಾ."

\* \* \*

ಸಂಜೆ ಪಶುವೈದ್ಯರ ಗಾಡಿ ಅಂಗಳದಲ್ಲಿ ನಿಂತಿತ್ತು. ಮೈಟೆ ಅವರನ್ನು ಸ್ವಲ್ಪ ತಡೆಯಲು ಕೇಳಿಕೊಂಡಳು. ಸೇಜ್ ಪೊದೆಗಳ ವಾಸನೆ ಹೊತ್ತ ಗಾಳಿ ಬೀಸುತ್ತಿತ್ತು. ಆರ್ವಿಲ್ ಬೇಲಿಗೆ ಒರಗಿ ಟೋಪಿಯ ಅಂಚನ್ನು ತಿರುವುತ್ತಿದ್ದ. ಲೈಮನ್ ತನ್ನ ಬೂಟು ನೋಡುತ್ತಿದ್ದ.

"ಒಂದು ಸಲ ಜೀನು ಹಾಕಿ ನೋಡೋಣ" ಎಂದಳು ಮೈಟೆ. "ಪೇಯೋ, ನಿನ್ನೆ ಹಾಕಿದ ಹಾಗೇ ಹಾಕು. ಅತ್ತೆಯ ಜೀನು ತಗೊಂಡು ಬಾ."

ಪೇಯೋ ಕೊಟ್ಟಿಗೆಗೆ ಹೋದ. ಮರದ ಕುದುರೆಯ ಮೇಲಿದ್ದ ಜೀನು ಎತ್ತಿಕೊಂಡ. ತಿರುಗಿಸಿ ನೋಡಲಿಲ್ಲ. ಒಂದು ಕ್ಷಣವೂ ತಡೆಯಲಿಲ್ಲ. ತೊಡೆಗೆ ತಾಗಿಸಿಕೊಂಡು ಎಳೆಯುತ್ತಾ ನಡೆದು ಬಂದ. ಮೈಟೆ ಕಂಬಳಿ ತೆಗೆಯದೆ ಡೀಕನ್‌ನ ಮೂಗು ಸವರುತ್ತಾ ನಿಂತಿದ್ದಳು. ಪೇಯೋ ಜೀನನ್ನು ಮೇಲಕ್ಕೆತ್ತಿದ. ಅಡಿ ಭಾಗ ಸಂಜೆಬಿಸಿಲಿಗೆ ಕಂಡಿತು.

"ಬೇಡ!"

ಆರ್ವಿಲ್ ಬೇಲಿ ಹಾರಿ ಒಳಗಿದ್ದ. ಪೇಯೋನ ಕೈಯಿಂದ ಜೀನು ಕಿತ್ತುಕೊಂಡ. "ಬೇಡ ಮಾರಾಯ, ಅದು ಬೇಡ! ಇಲ್ಲಿ ಬಾತುಕೊಂಡಿದೆ ಅವನಿಗೆ!"

ಅವನ ಅಂಗೈ ಕಂಬಳಿಯ ಮೇಲಿತ್ತು. ಹೆಗಲಿನ ಹಿಂದೆ. ಸರಿಯಾಗಿ ಎಡಗಡೆಯ ಕಲೆಯ ಮೇಲೆ.

ಮೈಟೆ ಮೆಲ್ಲಗೆ ಕಂಬಳಿ ಸರಿಸಿದಳು.

"ಯಾರೂ ಹತ್ತಿರ ಹೋಗಿಲ್ಲ, ನಾನೂ ಹೋಗಿಲ್ಲ ಅಂದಿದ್ರಿ. ಬಾತಿದ್ದು ನಿಮಗೆ ಹೇಗೆ ಗೊತ್ತು ಆರ್ವಿಲ್?"

ಆರ್ವಿಲ್ ಕೈ ತೆಗೆಯಲಿಲ್ಲ.

"ನಿನ್ನೆ ಗ್ರೇಷಿಯಾನಾ ಹೊರಟಿದ್ದು ಈ ಸಣ್ಣ ಜೀನಿನಲ್ಲಿ" ಎಂದಳು ಮೈಟೆ. "ಬೆವರು ಹೇಳುತ್ತೆ, ಅಡಿಯ ಕೂದಲು ಹೇಳುತ್ತೆ. ಸೀಟು ಒಂದೇ ಥರ, ಅವರಿಗೆ ತಿಳಿಯಲಿಲ್ಲ. ಕಟ್ಟಿದವನಿಗೂ ತಿಳಿಯಲಿಲ್ಲ, ಲೈಮನ್ ವ್ಯಾನಿಂದ ತಂದು ನಾನೇ ಮರದ ಕುದುರೆ ಮೇಲಿಟ್ಟೆ, ಇವತ್ತೂ ತಿಳಿಯಲಿಲ್ಲ, ನೋಡಿದ್ರಲ್ಲ. ಅವರ ಜಾಗದಲ್ಲಿ ಇದನ್ನ ಯಾರೋ ಮುಂಚೆಯೇ ಇಟ್ಟಿದ್ರು. ಆದ್ರೆ ಇವತ್ತು ಬೆಳಿಗ್ಗೆ ನಾನು ನೋಡಿದಾಗ ಆ ಜಾಗದಲ್ಲಿದ್ದದ್ದು ಅಗಲದ ಜೀನು. ಯಾರೋ ಬದಲಾಯಿಸಿದ್ರು. ಪೇಯೋನೇ ಇರಬಹುದು ಅಂತ ಬೆಳಿಗ್ಗೆಯಿಂದ ಅನುಮಾನ ಪಟ್ಟೆ. ಲೈಮನ್ ಮೇಲೂ ಪಟ್ಟೆ. ಆದ್ರೆ ಈ ಮುಲಾಮು…" ಅವಳು ಬೆರಳು ತೋರಿಸಿದಳು. "ಸಾಯೋಕೆ ಹೊರಟ ಕುದುರೆಗೆ ಯಾರು ಮುಲಾಮು ಹಚ್ಚುತ್ತಾರೆ? ಅವನನ್ನ ಕೊಲ್ಲಿಸಬೇಕು ಅಂದೋನು ಹಚ್ಚಲ್ಲ. ರಾತ್ರಿ ಊರಲ್ಲಿ ಮಲಗಿದ್ದೋನೂ ಹಚ್ಚಲ್ಲ. ಎಲ್ಲಿ ನೋಯ್ತಿದೆ ಅಂತ ಗೊತ್ತಿದ್ದು, ಅದನ್ನ ಸಹಿಸೋಕಾಗದೆ ಇದ್ದೋನು ಹಚ್ಚುತ್ತಾನೆ."

ಆರ್ವಿಲ್ ನಿಧಾನವಾಗಿ ಜೀನನ್ನು ನೆಲಕ್ಕಿಟ್ಟ. ಅಂಥ ಹೊತ್ತಿನಲ್ಲೂ ತುಪ್ಪಳ ಮಣ್ಣಾಗದ ಹಾಗೆ, ಮುಂದಿನ ಹಿಡಿಯ ಕೊಂಬು ಕೆಳಗಾಗಿ ನಿಲ್ಲಿಸಿದ.

"ಹಿಂಡಲ್ಲಿರೋ ಒಂದೊಂದು ಕುದುರೆಯೂ ನನ್ನ ಕೈಯಲ್ಲೇ ಹುಟ್ಟಿದ್ದು" ಎಂದ. "ಶನಿವಾರ ಲಾರಿ. ಯಜಮಾನಮ್ಮ ಒಂದು ತಿಂಗಳು ಹಾಸಿಗೆ ಹಿಡಿದ್ರೆ ಲಾರಿ ಬರಲ್ಲ ಅಂದ್ಕೊಂಡೆ. ಡೀಕನ್ ಸಾಧು. ಎರಡು ಸಲ ಕುಪ್ಪಳಿಸ್ತಾನೆ, ಅವರು ಜಾರಿ ಕೂರ್ತಾರೆ, ಕೈಯೋ ಕಾಲೋ ಉಳುಕುತ್ತೆ ಅಷ್ಟೇ. ಹೊಳೆ ಇಳಿತಾರೆ ಅಂತ ನಂಗೇನು ಗೊತ್ತು?"

"ಡೀಕನ್ ಎಲ್ಲಿ ಸಿಕ್ಕ?"

"ಕೆಳಗಿನ ಗೇಟಲ್ಲಿ. ನನ್ನ ಹತ್ತಿರಾನೇ ಬಂದ. ಅಗಲದ ಜೀನು ನನ್ನ ಗಾಡಿಯಲ್ಲಿತ್ತು. ಅದನ್ನ ಹಾಕಿ ಅವನನ್ನ ಮನೆ ಕಡೆ ಕಳಿಸ್ದೆ, ಸಣ್ಣದನ್ನ ಆಮೇಲೆ ಕೊಟ್ಟಿಗೆಗೆ ತಂದಿಟ್ಟೆ."

"ಮೊದಲು ಜೀನು ಬದಲಾಯಿಸಿದ್ರಾ? ಮೊದಲು ಅವರನ್ನ ಹುಡುಕಿದ್ರಾ?"

ಗಾಳಿ ಬೀಸಿತು. ಆರ್ವಿಲ್ ನೆಲದ ಮೇಲಿನ ಜೀನನ್ನು ನೋಡಿದ.

"ಮೊದಲು ಜೀನು" ಎಂದ.

ಪೇಯೋ ಅವನ ಮೇಲೆ ಏರಿಹೋಗುತ್ತಾನೆಂದು ಮೈಟೆ ಮುಂದೆ ಬಂದಳು. ಅವನು ಹೋಗಲಿಲ್ಲ. ಒಡೆದ ಕನ್ನಡಕವಿದ್ದ ಜೇಬಿನ ಮೇಲೆ ಕೈ ಇಟ್ಟುಕೊಂಡು ನಿಂತ. ಆಮೇಲೆ ಪಶುವೈದ್ಯರ ಕಡೆ ತಿರುಗಿದ.

"ಡಾಕ್ಟ್ರೇ, ಸೂಜಿ ಬೇಡ. ನೀವು ಹೋಗಿ ಬನ್ನಿ."

ಜೀಪಿನ ಬಾಗಿಲ ಬಳಿ ಆರ್ವಿಲ್ ನಿಂತ. ಜೇಬಿನಿಂದ ಒಂದು ತಗಡಿನ ಡಬ್ಬಿ ತೆಗೆದ. ಮುಚ್ಚಳದ ಅಂಚಿನಲ್ಲಿ ಕುರಿಕೊಬ್ಬು ಕಟ್ಟಿತ್ತು. ಯಾರಿಗೆ ಕೊಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತ. ಮೈಟೆ ಕೈ ಚಾಚಲಿಲ್ಲ. ಕೊನೆಗೆ ಪೇಯೋ ಬಂದು, ಅವನ ಮುಖ ನೋಡದೆ ಡಬ್ಬಿ ತೆಗೆದುಕೊಂಡ. ನಡೆದುಹೋಗಿ ಕಂಬಿಬೇಲಿಯ ಒಳಗಿಳಿದ. ಭಯದಿಂದಲೇ ಎರಡು ಬೆರಳು ಅದ್ದಿದ.

"ಬೆರಳಲ್ಲಿ ಬೇಡಪ್ಪ" ಎಂದ ಆರ್ವಿಲ್, ಜೀಪಿನೊಳಗಿಂದ. "ಚುಚ್ಚಿದ ಹಾಗಾಗುತ್ತೆ ಅವನಿಗೆ. ಅಂಗೈಯಲ್ಲಿ ಬಿಸಿ ಮಾಡ್ಕೊಂಡು ಹಚ್ಚು."

ಮೈಟೆ ಗಾಡಿ ಶುರು ಮಾಡಲಿಲ್ಲ. ಪೇಯೋ ಎರಡು ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡ. ಡೀಕನ್ ಒಮ್ಮೆ ನಡುಗಿತು. ಆಮೇಲೆ ತಲೆ ತಗ್ಗಿಸಿ ನಿಂತಿತು.

ಆಗ ಅವಳು ಕೀಲಿ ತಿರುಗಿಸಿದಳು.