ಇಪ್ಪತ್ತನೆಯ ಮರ

"ಯಾರಲಾ ಅದು? ಇಳಿಯಲಾ ಕೆಳಕ್ಕೆ! ಮಾಲೀಕರಿಗೆ ಫೋನ್ ಮಾಡ್ತೀನಿ ನೋಡು!"

ನಲವತ್ತು ಅಡಿ ಎತ್ತರದಲ್ಲಿದ್ದ ಗಂಗಲಕ್ಷ್ಮಿ ಕೆಳಗೆ ನೋಡಿದಳು. ಹೊನ್ನವಳ್ಳಿಯ ತೋಂಟದಾರ್ಯರ ತೋಟದ ಬದುವಿನಲ್ಲಿ ಒಂದು ಗೂಡ್ಸ್ ಆಟೊ ನಿಂತಿತ್ತು. ಅದರ ಪಕ್ಕ ಒಬ್ಬ ಹುಡುಗ, ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಒಣಗಿದ ಗರಿಯ ಮಟ್ಟೆ ಹಿಡಿದು ಯುದ್ಧಕ್ಕೆ ನಿಂತವನ ಹಾಗೆ ನಿಂತಿದ್ದ.

"ಕಳ್ರು ಹೆಲ್ಮೆಟ್ ಹಾಕ್ಕೊಂಡು ಬತ್ತಾರೇನ್ರೀ?" ಅವಳು ಮೇಲಿನಿಂದಲೇ ಕೂಗಿದಳು.

ಹೆಣ್ಣಿನ ದನಿ ಕೇಳಿ ಅವನ ಕೈಯಿಂದ ಮಟ್ಟೆ ಜಾರಿತು.

"ಕಾಯಿ ಇಳ್ಸಕ್ಕೆ ಹೊತ್ತೇರಿದ ಮೇಲೆ ಗಂಗ ಅಂತ ಒಬ್ಬ ಬತ್ತಾನೆ, ಲೋಡ್ ಮಾಡ್ಕೊಂಡು ಬಾ ಅಂದಿದ್ರು..."

"ನಾನೇ ಗಂಗ. ಪಕ್ಕಕ್ಕೆ ಹೋಗ್ರೀ, ಗೊನೆ ಬೀಳ್ತದೆ."

ಅವನು ಪಕ್ಕಕ್ಕೆ ಹೋದ. ಗೊನೆ ಅವನು ನಿಂತಿದ್ದ ಜಾಗದಲ್ಲೇ ಧೊಪ್ಪನೆ ಬಿತ್ತು.

ಮರ ಹತ್ತುವ ಯಂತ್ರದ ಪೆಡಲುಗಳನ್ನು ಒಂದೊಂದಾಗಿ ತುಳಿಯುತ್ತ ಅವಳು ಇಳಿದಳು. ಹೆಲ್ಮೆಟ್ ತೆಗೆದಳು. ಒದ್ದೆ ಕೂದಲು ಹಣೆಗೆ ಅಂಟಿಕೊಂಡಿತ್ತು, ಕೆನ್ನೆಯ ಮೇಲೆ ತೊಗಟೆಯ ಪುಡಿ. ಅವನು ಆಗ ಬೇರೆ ಕಡೆ ನೋಡಬೇಕಿತ್ತು. ನೋಡಲಿಲ್ಲ.

"ಏನ್ರೀ, ಎಣಿಸ್ತಾ ಇದೀರಾ?"

"ಏನನ್ನ?"

"ನನ್ನ ಮುಖದ ಮೇಲಿನ ಬೆವರ ಹನಿ."

ಅವನ ಕಿವಿ ಕೆಂಪಾಯಿತು. ಅವನ ಹೆಸರು ರವಿಕಿರಣ್, ಊರು ಕಿಬ್ಬನಹಳ್ಳಿ. ಅಷ್ಟನ್ನು ಹೇಳುವಷ್ಟರಲ್ಲಿ ಅವನು ಮೂರು ಬಾರಿ ತಡವರಿಸಿದ.

ಅದೇ ದಿನ ಮಧ್ಯಾಹ್ನ ತಿಪಟೂರಿನ ಕಾಲೇಜಿನ ಲೈಬ್ರರಿಯಲ್ಲಿ ಎದುರು ಕುರ್ಚಿಯಲ್ಲಿ ಅವನೇ ಕೂತಿದ್ದ. ಮುಂದೆ ದಪ್ಪನೆಯ ಇತಿಹಾಸದ ಪುಸ್ತಕ. ಎಂ.ಎ. ಕೊನೆಯ ವರ್ಷ. ಬೆಳಿಗ್ಗೆ ಆಟೊ ಓಡಿಸಿ, ಅಂಗಿ ಬದಲಿಸಿ, ಕ್ಲಾಸಿಗೆ ಬಂದಿದ್ದ.

"ಕಳ್ಳರನ್ನ ಹಿಡಿಯೋರು ಇತಿಹಾಸಾನೂ ಓದ್ತಾರಾ?" ಎಂದು ಅವಳು ಪಿಸುಗುಟ್ಟಿದಳು.

"ಮರ ಹತ್ತೋರು ಏನು ಓದ್ತಾರೆ?"

"ಎಂ.ಎಸ್ಸಿ. ಪ್ರಾಣಿಶಾಸ್ತ್ರ. ತೆಂಗಿನ ಕಾಯಿಗೆ ಹತ್ತೋ ನುಸಿ ಮೇಲೆ ನನ್ನ ಡಿಸರ್ಟೇಶನ್ನು."

ಅವಳ ದಿನ ಹಾಗೇ ಇತ್ತು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮರ, ಹತ್ತರ ಬಸ್ಸಿಗೆ ತಿಪಟೂರು, ಸಂಜೆಯವರೆಗೆ ಕ್ಲಾಸು, ಲ್ಯಾಬು. ಅಪ್ಪ ತೀರಿಕೊಂಡ ಮೇಲೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಆರು ದಿನದ ತರಬೇತಿ ಪಡೆದು ಈ ಕೆಲಸ ಹಿಡಿದಿದ್ದಳು. ತೋಂಟದಾರ್ಯರ ತೋಟದ ಇಪ್ಪತ್ತು ಮರಗಳಿಗೆ ನಂಬರು ಬರೆದು, ತಿಂಗಳಿಗೊಮ್ಮೆ, ಅದೇ ತಾರೀಖಿಗೆ ಹತ್ತಿ, ನುಸಿ ಹತ್ತಿದ ಕಾಯಿಗಳನ್ನು ಎಣಿಸುತ್ತಿದ್ದಳು. ಆರು ತಿಂಗಳು, ಆರು ಎಣಿಕೆ. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ.

ವಾರದಲ್ಲಿ ಅವಳದೇ ಎನ್ನುವ ಹೊತ್ತು ಒಂದೇ ಗಂಟೆ. ಗುರುವಾರ ಸಂಜೆ ಐದಕ್ಕೆ ರೈಲ್ವೆ ಸ್ಟೇಷನ್ನಿನ ಕೊನೆಯ ಬೆಂಚಿನಲ್ಲಿ ಚುರುಮುರಿ ತಿನ್ನುತ್ತ ಕೂರುತ್ತಿದ್ದಳು. ಪುಸ್ತಕ ಇಲ್ಲ, ಫೋನ್ ಇಲ್ಲ. ಬಂದುಹೋಗುವ ರೈಲು ನೋಡುವುದು, ಅಷ್ಟೇ.

ಮೂರನೆಯ ಗುರುವಾರ ರವಿಕಿರಣ್ ಅಲ್ಲಿಗೆ ಬಂದ.

"ಕೂತ್ಕೋಬಹುದಾ?"

"ಬೆಂಚು ರೈಲ್ವೆಯವರದು. ಈ ಒಂದು ಗಂಟೆ ಮಾತ್ರ ನಂದು. ಮಾತಾಡಂಗಿಲ್ಲ."

ಅವನು ಬೆಂಚಿನ ಆ ತುದಿಯಲ್ಲಿ ಕೂತ. ಒಂದು ಗಂಟೆ ತುಟಿ ಬಿಚ್ಚಲಿಲ್ಲ. ಆದರೆ ಕಣ್ಣು ಸುಮ್ಮನಿರಬೇಕಲ್ಲ. ಅವಳು ಚುರುಮುರಿಯಲ್ಲಿ ಬರೀ ಕಡಲೆಬೀಜವನ್ನು ಹೆಕ್ಕಿ ಹೆಕ್ಕಿ ತಿನ್ನುವುದನ್ನು ಅದು ಕದ್ದು ನೋಡಿತು. ಅವಳಿಗೆ ಅದು ಗೊತ್ತಾಯಿತು. ಗೊತ್ತಾಗಿದೆಯೆಂದು ಅವನಿಗೂ ತಿಳಿಯಿತು. ಮುಂದಿನ ಗುರುವಾರ ಅವನು ತನ್ನ ಪೊಟ್ಟಣದ ಕಡಲೆಬೀಜವನ್ನೆಲ್ಲ ಆರಿಸಿ, ಕಾಗದದ ತುಂಡಿನ ಮೇಲಿಟ್ಟು, ಮೆಲ್ಲಗೆ ಅವಳ ಕಡೆ ತಳ್ಳಿದ.

ಗಂಗಲಕ್ಷ್ಮಿ ರೈಲು ನೋಡುತ್ತಲೇ ಅದನ್ನು ತಿಂದಳು. ಆ ಸಂಜೆ ಯಾವ ರೈಲು ಬಂತೆಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ನಾಲ್ಕು ತಿಂಗಳು ಹೀಗೇ ಕಳೆಯಿತು. ಮಾತು ಶುರುವಾಯಿತು, ಬೆಂಚಿನ ಮೇಲಿನ ದೂರ ಕಡಿಮೆಯಾಯಿತು. 'ರೀ' ಮಾತ್ರ ಇಬ್ಬರ ನಾಲಿಗೆಯನ್ನೂ ಬಿಡಲಿಲ್ಲ.

ಐದನೆಯ ಎಣಿಕೆ ಮುಗಿದು ಮೂರು ವಾರವಾದ ಮೇಲೆ ಯಾರೋ ರಸ್ತೆಯಿಂದ ಅವಳ ವಿಡಿಯೊ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ ಒಂದು ಸಾಲು: 'ಗಂಗ ಅಲ್ಲ ಕಣ್ರಪ್ಪೋ, ಮಂಗ.' ಅದರ ಕೆಳಗೆ ನಗುವ ಮುಖಗಳ ಸಾಲು.

ಮಾರನೆಯ ಬೆಳಿಗ್ಗೆಯೇ ಅಮ್ಮ ಭೈರಮ್ಮನ ತಮ್ಮ ಹನುಮಂತರಾಜು ಮನೆಗೆ ಬಂದ. ಅಪ್ಪ ಹೋದ ಮೇಲೆ ಮನೆಯ ಹಿರಿತನ ಅವನದೇ.

"ಮರ ಹತ್ತೋ ಹುಡುಗೀನ ಯಾರಕ್ಕಾ ಮನೆ ತುಂಬಿಸ್ಕೋತಾರೆ? ತುರುವೇಕೆರೆಯೋರು ಒಳ್ಳೇ ಜನ, ಸ್ವಂತ ಅಂಗಡಿ ಐತೆ. ಭಾನುವಾರ ಹೆಣ್ಣು ನೋಡಕ್ಕೆ ಬತ್ತವ್ರೆ. ಇವತ್ತಿಂದ ಮರ ಬಂದ್."

"ಮಾವ, ಭಾನುವಾರ ನನ್ನ ಕೊನೇ ಎಣಿಕೆ."

"ನುಸಿ ಎಣಿಸ್ಕೊಂಡು ಯಾವ ಸಂಸಾರ ಮಾಡ್ತೀಯಮ್ಮಾ?"

ಅಮ್ಮ ಒಲೆಯ ಕಡೆ ತಿರುಗಿದಳು. ಸಂಜೆಗೆ ತೋಂಟದಾರ್ಯರ ಫೋನೂ ಬಂತು. "ನಾಳೆಯಿಂದ ಬ್ಯಾಡ ಕಣಮ್ಮ. ಊರವರ ಬಾಯಿಗೆ ನಾನ್ಯಾಕೆ ಬೀಳ್ಲಿ."

ಗುರುವಾರ ಬೆಂಚಿನ ಮೇಲೆ ಅವಳು ಎಲ್ಲವನ್ನೂ ಹೇಳಿದಳು. ರವಿಕಿರಣ್ ಚುರುಮುರಿಯ ಪೊಟ್ಟಣ ಮಡಿಸಿ ಪಕ್ಕಕ್ಕಿಟ್ಟ.

"ಒಂದು ಕೆಲಸ ಮಾಡಣ. ನಾನು ಹತ್ತಿ ಎಣಿಸ್ತೀನಿ. ನೀವು ಮನೇಲಿರಿ. ಎಣಿಕೆನೂ ಆಯ್ತು, ಯಾರ ಬಾಯಿಗೂ ಬೀಳಲ್ಲ."

ಅವಳು ಅವನನ್ನೇ ನೋಡಿದಳು. ಇಷ್ಟು ದಿನ ಆ ಮುಖದಲ್ಲಿ ಕಾಣುತ್ತಿದ್ದ ಭರವಸೆ ಒಮ್ಮೆಗೇ ಮಾಯವಾದಂತಾಯಿತು.

"ನಮ್ಮ ಮಾವ ಮರ ಇಳಿ ಅಂದ್ರು, ಮಾಲೀಕರು ತೋಟಕ್ಕೆ ಬರಬ್ಯಾಡ ಅಂದ್ರು, ನೀವು ಅದನ್ನೇ ಸಕ್ಕರೆ ಹಾಕಿ ಹೇಳ್ತಾ ಇದೀರಿ. ನನ್ನ ಮರ ಹತ್ತಕ್ಕೆ ನಂಗೆ ಕಾಲಿದಾವೆ ರವಿಕಿರಣ್."

ಗಂಟೆ ಮುಗಿಯುವ ಮೊದಲೇ ಎದ್ದುಹೋದಳು. ಅಂದು ಬಸ್ಸಿನ ಕಿಟಕಿಗೆ ತಲೆಯಾನಿಸಿ ಹೊನ್ನವಳ್ಳಿಯವರೆಗೂ ಅತ್ತಳು. ಇಳಿಯುವಾಗ ಕಣ್ಣು ಒರೆಸಿಕೊಂಡು, ನೇರವಾಗಿ ತೋಂಟದಾರ್ಯರ ಮನೆಯ ಹಿತ್ತಲಿಗೆ ಹೋದಳು. ಅವರ ಹೆಂಡತಿ ಮೀನಾಕ್ಷಮ್ಮ ಹೂ ಬಿಡಿಸುತ್ತಿದ್ದರು.

"ಅಜ್ಜೀ, ನಂಗೆ ಒಂದೇ ಒಂದು ದಿನ ಬೇಕು. ಭಾನುವಾರ."

ಮೀನಾಕ್ಷಮ್ಮ ಪೂರ್ತಿ ಕೇಳಿಸಿಕೊಂಡರು. "ಆ ತೋಟ ನನ್ನ ತವರಿನೋರು ಕೊಟ್ಟಿದ್ದು. ಪಹಣೀಲಿ ಇರೋದು ನನ್ನ ಹೆಸರು. ಇವ್ರಿಗೆ ಅದು ಆಗಾಗ ಮರ್ತೋಗ್ತದೆ. ನೀನು ಬಂದ್ಬುಡು ಮಗಾ."

ಶನಿವಾರ ಲ್ಯಾಬಿನ ಬಾಗಿಲಲ್ಲಿ ರವಿಕಿರಣ್ ನಿಂತಿದ್ದ. ಎರಡು ದಿನ ನಿದ್ದೆಗೆಟ್ಟ ಕಣ್ಣು.

"ತಪ್ಪಾಯ್ತು ಕಣ್ರೀ. ನಿಮ್ಮ ಕಷ್ಟ ಕಮ್ಮಿ ಮಾಡಕ್ಕೆ ಹೋಗಿ ನಿಮ್ಮನ್ನೇ ಕಮ್ಮಿ ಮಾಡ್ಬುಟ್ಟೆ. ಹತ್ತೋದು ನೀವೇ. ನಾನು ಕೆಳಗೆ ನಿಂತು ಬರ್ಕೋತೀನಿ. ಬೇಡ ಅಂದ್ರೆ ಅದೂ ಇಲ್ಲ."

ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. "ಮಾವ ಬತ್ತಾರೆ. ಹೊಡೆದ್ರೂ ಹೊಡೆದಾರು."

"ಬರೆಯೋದು ಬಲಗೈಲಿ. ಎಡಗೈ ಖಾಲಿ ಇರ್ತದೆ, ತಡ್ಕೋತೀನಿ."

ಅವಳು ನಗು ತಡೆಯಲು ತುಟಿ ಕಚ್ಚಿದಳು. "ಏಳು ಗಂಟೆಗೆ. ಲೇಟಾದ್ರೆ ಬರಬ್ಯಾಡಿ."

ಭಾನುವಾರ ಅವನು ಆರೂವರೆಗೇ ಬಂದಿದ್ದ.

"ಮರ ಒಂದು. ಕಾಯಿ ಮೂವತ್ತೆರಡು. ನುಸಿ ಹತ್ತಿದ್ದು ಒಂಬತ್ತು."

"ಬರ್ಕೊಂಡೆ."

ಮರದಿಂದ ಮರಕ್ಕೆ ಬಿಸಿಲು ಏರುತ್ತ ಹೋಯಿತು. ಪ್ರತಿ ಬಾರಿ ಅವಳು ಮೇಲಿನಿಂದ ಅಂಕಿ ಕೂಗಿದಾಗ, ಅವನು ಕೆಳಗಿನಿಂದ ತಪ್ಪದೆ ಅದನ್ನೇ ತಿರುಗಿ ಹೇಳುತ್ತಿದ್ದ. ಅವರ ನಡುವೆ ಇಷ್ಟು ಸುಖದ ಸಂಭಾಷಣೆ ಹಿಂದೆಂದೂ ನಡೆದಿರಲಿಲ್ಲ. ಪ್ರೀತಿಯ ಒಂದು ಮಾತೂ ಅದರಲ್ಲಿರಲಿಲ್ಲ.

ಹದಿನೇಳನೆಯ ಮರದ ನೆತ್ತಿಯಲ್ಲಿದ್ದಾಗ ತೋಟದ ದಾರಿಯಲ್ಲಿ ಜನ ಕಂಡರು. ಮುಂದೆ ಹನುಮಂತರಾಜು, ಹಿಂದೆ ಜರಿ ಸೀರೆಯ ಇಬ್ಬರು ಹೆಂಗಸರು, ಇಸ್ತ್ರಿ ಅಂಗಿಯ ಒಬ್ಬ ಹುಡುಗ: ಹೆಣ್ಣು ನೋಡಲು ಬಂದು, ಮನೆಯಲ್ಲಿ ಹೆಣ್ಣನ್ನು ಕಾಣದ ತುರುವೇಕೆರೆಯವರು.

"ಗಂಗಾ! ಇಳಿಯೇ! ಮರ್ಯಾದೆ ತೆಗೆಯಕ್ಕೇ ಹುಟ್ಟಿದ್ಯೇನೇ?"

"ಮರ ಹದಿನೇಳು. ಕಾಯಿ ಇಪ್ಪತ್ತೆಂಟು," ಎಂದಳು ಅವಳು.

"ಇಪ್ಪತ್ತೆಂಟು," ಎಂದ ರವಿಕಿರಣ್.

ಹನುಮಂತರಾಜು ಅವನ ಕಾಲರ್ ಹಿಡಿದ. "ನೀನ್ಯಾವನಲಾ? ಯಾವೂರು? ಯಾರ ಮಗ?"

ರವಿಕಿರಣ್ ಎಣಿಕೆಯ ಪುಸ್ತಕ ಬಿಡಲಿಲ್ಲ. ಕತ್ತು ಬಿಗಿಯುತ್ತಿದ್ದರೂ ಪೆನ್ನು ಹಾಳೆಯ ಮೇಲೇ ಇತ್ತು. "ನುಸಿ ಹತ್ತಿದ್ದು ಎಷ್ಟು ಅಂದ್ರಿ?"

"ಆರು. ಮಾವ, ಅವ್ರ ಕಾಲರ್ ಬುಡು. ಕೈ ಅಲ್ಲಾಡಿದ್ರೆ ಅಂಕಿ ತಪ್ತದೆ!"

ಇಸ್ತ್ರಿ ಅಂಗಿಯ ಹುಡುಗ ಬಾಯಿ ತೆರೆದು ಮೇಲೆ ನೋಡುತ್ತಿದ್ದ. ಆಗ ಹಿಂದಿನಿಂದ ಭೈರಮ್ಮನ ದನಿ ಬಂತು.

"ಹನುಮಾ, ಬುಡೋ ಆ ಹುಡುಗನ್ನ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ತಮ್ಮನ ಕೈಯನ್ನು ತಾನೇ ಬಿಡಿಸಿದಳು. "ಮೂರು ವರ್ಷದಿಂದ ಈ ಮನೆ ನಡೀತಿರೋದು ಆ ಕಾಲಿಂದ ಕಣೋ. ಇವತ್ತು ಆ ಕಾಲು ಕೆಟ್ಟದಾಯ್ತಾ? ಇನ್ನು ಮೂರು ಮರ ಬಾಕಿ ಐತೆ. ಕಾಯೋರು ಕಾಯ್ಲಿ, ಹೋಗೋರು ಹೋಗ್ಲಿ."

ಜರಿ ಸೀರೆಯವರು ಕಾಯಲಿಲ್ಲ. ಹುಡುಗ ಮಾತ್ರ ದಾರಿಯ ತಿರುವಿನವರೆಗೂ ಹಿಂದಿರುಗಿ ಮರದ ತುದಿ ನೋಡುತ್ತ ಹೋದ. ತೋಟದ ಆಚೆ ತುದಿಯ ಮನೆಯ ಜಗುಲಿಯಲ್ಲಿದ್ದ ತೋಂಟದಾರ್ಯರು ಪೇಪರ್ ಮುಖಕ್ಕೆ ಹಿಡಿದುಕೊಂಡರು. ಪಕ್ಕದಲ್ಲಿ ಮೀನಾಕ್ಷಮ್ಮ ಕೂತಿದ್ದರು.

ಇಪ್ಪತ್ತನೆಯ ಮರದಿಂದ ಗಂಗಲಕ್ಷ್ಮಿ ಇಳಿದಳು. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು, ಮಾವನ ಎದುರಿಗೇ ನಿಂತಳು.

"ಮಾವ, ನಾನು ಮದ್ವೆ ಅಂತ ಆದ್ರೆ ಈ ರವಿಕಿರಣ್‌ನ. ಯಾವಾಗ ಅಂತ ನಾವೇ ಹೇಳ್ತೀವಿ. ಓದೂ ಬುಡಲ್ಲ, ಮರಾನೂ ಬುಡಲ್ಲ. ಬೈಯೋದಿದ್ರೆ ಈಗಲೇ ಬೈದ್ಬುಡು, ಕೇಳ್ತೀನಿ."

ಹನುಮಂತರಾಜು ಬೈಯಲು ಬಾಯಿ ತೆರೆದ. ಅಕ್ಕನ ಮುಖ ನೋಡಿದ. ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಅವನು ಒಪ್ಪಿರಲಿಲ್ಲ. ಇನ್ನೂ ಎಷ್ಟೋ ಜಗಳ ಬಾಕಿಯಿತ್ತು. ಅದು ಅವಳಿಗೂ ಗೊತ್ತಿತ್ತು.

ರವಿಕಿರಣ್ ಮಾತ್ರ ನಿಂತಲ್ಲೇ ನಿಂತಿದ್ದ. ಅಂಗಿಯ ಮೇಲಿನ ಗುಂಡಿ ಕಿತ್ತುಹೋಗಿತ್ತು.

"ನನ್ನ ಒಂದು ಮಾತು ಕೇಳ್ಬೇಕಿತ್ತಲ್ವೇನ್ರೀ?"

"ಈಗ ಕೇಳ್ತಾ ಇದೀನಿ. ಅಮ್ಮನ ಮುಂದೇನೇ." ಅವಳ ದನಿ ಮೊದಲ ಬಾರಿಗೆ ಇಳಿಯಿತು. "ನನ್ ಜೊತೆ ಬತ್ತೀಯಾ?"

ಆ 'ಬತ್ತೀಯಾ'ದಲ್ಲಿ 'ರೀ' ಇರಲಿಲ್ಲ. ಅವನು ಅಲ್ಲೇ ಬದುವಿನ ಮೇಲೆ ಕೂತು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಇಪ್ಪತ್ತನೆಯ ಮರದ ಸಾಲಿನ ಕೊನೆಯಲ್ಲಿ, 'ಷರಾ' ಎಂದಿದ್ದ ಖಾಲಿ ಕಾಲಮ್ಮಿನಲ್ಲಿ ಬರೆದು ಅವಳ ಕಡೆ ತಿರುಗಿಸಿದ.

'ಬತ್ತೀನಿ.'

"ಅಯ್ಯೋ, ಇದು ಡಿಸರ್ಟೇಶನ್ ಪುಸ್ತಕ ಕಣೋ! ನಮ್ಮ ಗೈಡ್ ನೋಡ್ತಾರೆ!"

"ನೋಡ್ಲಿ ಬುಡು ಗಂಗಾ," ಎಂದ ರವಿಕಿರಣ್.