ಅಮ್ಮನಿಗೆ ಫ್ರೆಂಚ್ ಎಲ್ಲಿ ಬರುತ್ತಿತ್ತು?

ಝೆಲಿಯಾ ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತಿದ್ದಳು. ಅತ್ತೆ ಹೊನೊರಾ ಒಂದೊಂದು ಸಿಪ್ಪೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಅದರಾಚೆ ನದಿ ಕಾಣುವಷ್ಟು ತೆಳುವಾಗಿದ್ದರೆ ಮಾತ್ರ ಸೊಸೆಯನ್ನು ಬಿಡುತ್ತಿದ್ದಳು. ಇಂದು ಒಂದರಲ್ಲೂ ನದಿ ಕಾಣಲಿಲ್ಲ. "ಹಂದಿಗೆ ಹಬ್ಬ ಮಾಡ್ತಿದ್ದೀಯಾ?" ಎಂದಳು. ಮದುವೆಯಾಗಿ ಬಂದಂದಿನಿಂದ ಝೆಲಿಯಾ ಎದುರಾಡಿದವಳಲ್ಲ. ಅಳುವುದಿದ್ದರೂ ಈರುಳ್ಳಿ ಹೆಚ್ಚುವಾಗಲೇ ಅತ್ತು ಮುಗಿಸುತ್ತಿದ್ದಳು.

ಬುತ್ತಿ ಕಟ್ಟಿಕೊಂಡು ಇಬ್ಬರೂ ದ್ವೀಪಕ್ಕೆ ಹೋಗುವ ದೋಣಿ ಹತ್ತಿದರು. ಐರ್ಲೆಂಡಿನಲ್ಲಿ ಕ್ಷಾಮ ಬಿದ್ದ ಕಾಲಕ್ಕೆ, ಜ್ವರ ಹೊತ್ತು ಕೆನಡಾಕ್ಕೆ ಬಂದ ಹಡಗುಗಳನ್ನು ತಡೆದಿಟ್ಟ ದ್ವೀಪ ಅದು. ಹೊನೊರಾಳ ತಾಯಿ ಅಲ್ಲೇ ಸತ್ತು, ನೂರಾರು ಜನರ ಜೊತೆ ಉದ್ದನೆಯ ಗುಂಡಿ ಸೇರಿದ್ದಳು. ಐದು ವರ್ಷದ ಅನಾಥ ಮಗುವನ್ನು ಈ ದಡದ ಫ್ರೆಂಚ್ ರೈತರು ಎತ್ತಿಕೊಂಡು ಬಂದು, ಹೆತ್ತವರ ಮನೆತನದ ಹೆಸರನ್ನು ಹಾಗೇ ಉಳಿಸಿ, ತಮ್ಮ ಭಾಷೆಯಲ್ಲಿ ಬೆಳೆಸಿದರು. ದೊಡ್ಡವಳಾದ ಮೇಲೆ ಹೊನೊರಾ ವರ್ಷಕ್ಕೊಮ್ಮೆ ಆ ಗುಂಡಿಯ ಬಳಿ ಹೋಗಿ, ಫ್ರೆಂಚಿನಲ್ಲೇ ತಾಯಿಗೆ ಮನೆಯ ಸುದ್ದಿಯನ್ನೆಲ್ಲ, ಈಚೆಗೆ ಮುಖ್ಯವಾಗಿ ಸೊಸೆಯ ಮೇಲಿನ ದೂರನ್ನು, ಒಪ್ಪಿಸಿ ಬರುತ್ತಿದ್ದಳು.

ಹೊನೊರಾ ಬಂದ ಹಡಗಿನಲ್ಲೇ ಹುಡುಗನಾಗಿ ಬಂದಿದ್ದ ಮುದುಕ ಡೂಲಿ, ದೋಣಿಯಲ್ಲಿ ಪೈಪು ತುಂಬುತ್ತಾ ಕೇಳಿದ: "ಅಲ್ಲ ಹೊನೊರಾ, ನಿಮ್ಮಮ್ಮಂಗೆ ಫ್ರೆಂಚ್ ಎಲ್ಲಿ ಬರ್ತಿತ್ತು? ಐರಿಷ್ ಬಿಟ್ಟು ಬೇರೆ ಒಂದಕ್ಷರ ಗೊತ್ತಿರ್ಲಿಲ್ಲ ಆ ತಾಯಿಗೆ."

ಐರಿಷ್ ಹೊನೊರಾಳಿಗೆ ಒಂದು ಮಾತೂ ನೆನಪಿರಲಿಲ್ಲ. ಹಾಗಾದರೆ ಇಷ್ಟು ವರ್ಷ ಹೇಳಿಕೊಂಡದ್ದು... ಅತ್ತದ್ದು... ಒಂದೂ ಅಮ್ಮನಿಗೆ ಮುಟ್ಟಲಿಲ್ಲವೇ! ದ್ವೀಪ ಬಂದರೂ ಅವಳು ಇಳಿಯಲೊಲ್ಲೆ ಎಂದಳು. ಜೊತೆಗೆ ಬಂದಿದ್ದ ಪಾದ್ರಿ ಕರೆದರು, ದೋಣಿಯವನು ಗದರಿದ. ಹಲಗೆ ಹಿಡಿದು ಕೂತವಳು ಕದಲಲಿಲ್ಲ.

ಝೆಲಿಯಾ ಪಕ್ಕದಲ್ಲಿ ಕೂತಳು. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು.

"ಅತ್ತೆ, ಅದೇ ಮಣ್ಣಲ್ಲಿ, ಜ್ವರದೋರ ಸೇವೆ ಮಾಡ್ತಾ ಸತ್ತ ನಮ್ಮ ಫ್ರೆಂಚ್ ಪಾದ್ರಿಗಳೂ ಮಲಗಿದ್ದಾರೆ. ನಿಮ್ಮಮ್ಮ ಇಷ್ಟು ಕಾಲ ಅಕ್ಕಪಕ್ಕದೋರ ಜೊತೆ ಮಾತಾಡ್ದೆ ಬಾಯಿ ಮುಚ್ಕೊಂಡಿರ್ತಾರಾ? ನಿಮ್ಮನ್ನ ಹೆತ್ತೋರಲ್ವಾ?"

ಡೂಲಿಗೆ ಹೊಗೆ ನೆತ್ತಿಗೇರಿತು. ಹೊನೊರಾ ಸೊಸೆಯನ್ನು ದುರುಗುಟ್ಟಿ ನೋಡಿದಳು. ಇಷ್ಟು ದಿನ ಈ ನಾಲಿಗೆಯನ್ನು ಎಲ್ಲಿ ಬಚ್ಚಿಟ್ಟಿದ್ದೆ ಎಂದು ಗೊಣಗಿ, ಏಳಿಸೆಂದು ಕೈ ಚಾಚಿದಳು.

ಗುಂಡಿ ಮುಚ್ಚಿ ಹುಲ್ಲು ಬೆಳೆದ ದಿಬ್ಬದ ಮುಂದೆ ಸೊಸೆಯ ತೋಳು ಹಿಡಿದೇ ಮಂಡಿಯೂರಿದಳು. ಈ ಸಲ ದೂರು ಹೇಳಲಿಲ್ಲ. ಆಗಷ್ಟೇ ಭಾಷೆ ಕಲಿತವರೊಡನೆ ಆಡುವ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ, ನಿಧಾನವಾಗಿ ಕೇಳಿದಳು:

"ಅಮ್ಮಾ... ಚಿಕ್ಕೋಳಿದ್ದಾಗ ನನ್ನ ಏನಂತ ಮುದ್ದು ಮಾಡಿ ಕರೀತಿದ್ದೆ? ನಂಗೆ ಮರ್ತೋಗಿದೆ. ಒಂದ್ಸಲ ಕರಿ."